ಅಬರ್ಡೀನಿನ ಹುಡುಗ, ಸ್ಕಾಟ್ಲೆಂಡಿನ ಅಂಗಿ

ನಮ್ಮ ನಗರದ ಮಾರ್ಷಲ್ ಸ್ಕ್ವೇರಿನಲ್ಲಿ ಕೈಯೆತ್ತಿ ನಿಂತಿರುವ ಫುಟ್‌ಬಾಲ್ ಆಟಗಾರನ ಪ್ರತಿಮೆಯನ್ನು ಸಂಘದ ಸದಸ್ಯರೆಲ್ಲರೂ ಒಂದಲ್ಲ ಒಂದು ದಿನ ನೋಡಿಯೇ ಇರುತ್ತಾರೆ. ಅದು ಡೆನಿಸ್ ಲಾ ಅವರದು. 2025ರ ಜನವರಿ 17ರಂದು, ತಮ್ಮ 84ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಹೆಚ್ಚಿನವು ಮ್ಯಾಂಚೆಸ್ಟರಿನ ಸುತ್ತಲೇ ಇದ್ದವು. ಅದು ಸಹಜವೇ. ಆದರೆ ಅಬರ್ಡೀನಿನಲ್ಲಿ ಬದುಕು ಕಟ್ಟಿಕೊಂಡಿರುವ ನಾವು ಅವರ ವೃತ್ತಿಜೀವನದ ಇನ್ನೊಂದು ಮುಖವನ್ನೂ ತಿಳಿದಿರಬೇಕು. ಸ್ಕಾಟ್ಲೆಂಡ್ ಪರ 55 ಪಂದ್ಯಗಳಲ್ಲಿ 30 ಗೋಲು ಹೊಡೆದವರು ಲಾ. ಈ ದಾಖಲೆಯನ್ನು ಸರಿಗಟ್ಟಿದವರು ಕೆನ್ನಿ ಡಾಲ್‌ಗ್ಲಿಷ್ ಒಬ್ಬರೇ, ಅದಕ್ಕೆ ಅವರು ಆಡಿದ್ದು 102 ಪಂದ್ಯ. ಇಂಥ ಆಟಗಾರ ತಮ್ಮ ವೃತ್ತಿಜೀವನದಲ್ಲಿ ಸ್ಕಾಟ್ಲೆಂಡಿನ ಯಾವ ಕ್ಲಬ್ಬಿಗೂ ಆಡಲಿಲ್ಲ. ದುಡಿಮೆಯೆಲ್ಲ ಹೊರನಾಡಿನಲ್ಲಿ ನಡೆಯಿತು. ತಾಯ್ನಾಡಿನೊಂದಿಗಿದ್ದ ಆಟದ ನಂಟೆಲ್ಲ ರಾಷ್ಟ್ರೀಯ ತಂಡದ ಆ ನೀಲಿ ಅಂಗಿಯೊಂದರಲ್ಲೇ ಉಳಿಯಿತು.

ಲಾ ಹುಟ್ಟಿದ್ದು 1940ರ ಫೆಬ್ರವರಿ 24ರಂದು, ಇಲ್ಲಿಯ ವುಡ್‌ಸೈಡ್ ಬಡಾವಣೆಯ ಪ್ರಿಂಟ್‌ಫೀಲ್ಡ್ ಟೆರೇಸಿನಲ್ಲಿ. ತಂದೆ ಮೀನುಗಾರಿಕೆ ಹಡಗಿನಲ್ಲಿ ದುಡಿಯುತ್ತಿದ್ದವರು, ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಹನ್ನೆರಡು ವರ್ಷದವರೆಗೂ ಹೆಚ್ಚಾಗಿ ಬರಿಗಾಲಿನಲ್ಲೇ ತಿರುಗುತ್ತಿದ್ದ ಆ ಹುಡುಗ ಫುಟ್‌ಬಾಲ್ ಬೂಟುಗಳಿಗೆ ನೆರೆಹೊರೆಯವರ ಔದಾರ್ಯವನ್ನೇ ನೆಚ್ಚಬೇಕಾಗಿತ್ತು. ನಮ್ಮ ಪೋಷಕರು ಇಂದಿಗೂ ಆಸೆಪಡುವ ಅಬರ್ಡೀನ್ ಗ್ರಾಮರ್ ಶಾಲೆಯಲ್ಲಿ ಪ್ರವೇಶ ಸಿಕ್ಕಿದ್ದರೂ, ಅಲ್ಲಿ ರಗ್ಬಿ ಆಡಬೇಕಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಬಿಟ್ಟು ಪೋವಿಸ್ ಶಾಲೆಗೆ ಸೇರಿದ. ಇದಕ್ಕಿಂತ ದೊಡ್ಡ ತೊಡಕು ಕಣ್ಣಿನದು. ಮೆಳ್ಳೆಗಣ್ಣಿನ ಕಾರಣ ದಪ್ಪ ಕನ್ನಡಕ ಹಾಕುತ್ತಿದ್ದ ಹುಡುಗ ಆಡುವಾಗ ಕನ್ನಡಕ ತೆಗೆದಿಟ್ಟು, ಒಂದು ಕಣ್ಣನ್ನು ಮುಚ್ಚಿಕೊಂಡೇ ಚೆಂಡಿನ ಹಿಂದೆ ಓಡುತ್ತಿದ್ದ. ಎರಡು ಕಣ್ಣಿದ್ದೂ ಒಂದರಲ್ಲಷ್ಟೇ ಚೆಂಡಿನ ದೂರವನ್ನು ಅಳೆಯಲು ಕಲಿತವನು ಮುಂದೆ ಗೋಲಿನೆದುರು ಅರೆಕ್ಷಣದಲ್ಲಿ ಜಾಗ ಗುರುತಿಸುವವನಾದದ್ದನ್ನು ನಾನು ಕೇವಲ ಹುಟ್ಟುಪ್ರತಿಭೆ ಎಂದು ಒಪ್ಪಲಾರೆ.

1955ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಲಾ ಮನೆ ಬಿಟ್ಟು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಟೌನ್ ಕ್ಲಬ್ಬಿಗೆ ಹೋದರು. ಆ ಬಡಕಲು, ಕನ್ನಡಕದ ಹುಡುಗನನ್ನು ಕಂಡು ಅಲ್ಲಿನ ಮ್ಯಾನೇಜರ್‌ಗೆ ಮೊದಲು ನಂಬಿಕೆಯೇ ಹುಟ್ಟಲಿಲ್ಲ. ಕಣ್ಣಿನ ಶಸ್ತ್ರಚಿಕಿತ್ಸೆ ನಡೆದದ್ದು ಅಲ್ಲಿಗೆ ಹೋದ ಮೇಲೆ. 1956ರ ಡಿಸೆಂಬರ್ 24ರಂದು ಹದಿನಾರರ ಹರೆಯದಲ್ಲಿ ಮೊದಲ ಲೀಗ್ ಪಂದ್ಯ ಆಡಿದರು. ಅಷ್ಟರಲ್ಲಿ ಅಲ್ಲಿ ಹೊಸ ಮ್ಯಾನೇಜರ್ ಆಗಿ ಬಂದಿದ್ದವರು ಇನ್ನೊಬ್ಬ ಸ್ಕಾಟ್, ಮುಂದೆ ಲಿವರ್‌ಪೂಲನ್ನು ಕಟ್ಟಿದ ಬಿಲ್ ಶ್ಯಾಂಕ್ಲಿ. 1958ರ ಅಕ್ಟೋಬರಿನಲ್ಲಿ, ಹದಿನೆಂಟು ವರ್ಷದ ಲಾ ವೇಲ್ಸ್ ವಿರುದ್ಧ ಸ್ಕಾಟ್ಲೆಂಡ್ ಪರ ಮೊದಲ ಬಾರಿ ಕಣಕ್ಕಿಳಿದು ಗೋಲನ್ನೂ ಹೊಡೆದರು.

ಆಮೇಲಿನ ವರ್ಷಗಳಲ್ಲಿ ಅವರ ಬೆಲೆ ಏರುತ್ತಲೇ ಹೋಯಿತು. 1960ರಲ್ಲಿ ಮ್ಯಾಂಚೆಸ್ಟರ್ ಸಿಟಿ 55,000 ಪೌಂಡ್ ಕೊಟ್ಟಿತು, ಮರುವರ್ಷ ಇಟಲಿಯ ಟೊರಿನೊ 110,000 ಕೊಟ್ಟಿತು. ಸಿಟಿಗೆ ಆಡುತ್ತಿದ್ದಾಗ ಲೂಟನ್ ವಿರುದ್ಧದ ಎಫ್‌ಎ ಕಪ್ ಪಂದ್ಯದಲ್ಲಿ ಒಬ್ಬರೇ ಆರು ಗೋಲು ಹೊಡೆದಿದ್ದರು. ಮೈದಾನ ಕೆಸರಾಗಿ ಪಂದ್ಯ ಅರ್ಧಕ್ಕೆ ನಿಂತದ್ದರಿಂದ ಆ ಆರೂ ಲೆಕ್ಕಕ್ಕೆ ಬರಲಿಲ್ಲ, ಮತ್ತೆ ಆಡಿಸಿದಾಗ ಸಿಟಿ ಸೋತಿತು. ಇಟಲಿಯಲ್ಲಿ ಸಂಬಳ ಹೆಚ್ಚು, ಆದರೆ ಗೋಲು ಬಿಟ್ಟುಕೊಡದಿರುವುದೇ ಗುರಿಯಾದ ಅಲ್ಲಿಯ ಆಟ ಅವರಿಗೆ ಒಗ್ಗಲಿಲ್ಲ. ತಮ್ಮನ್ನು ಯುವೆಂಟಸ್‌ಗೆ ಮಾರುವ ಮಾತು ಬಂದಾಗ ಅವರು ನೇರವಾಗಿ ಅಬರ್ಡೀನಿಗೆ ಬಂದು ಕುಳಿತರು. 1962ರ ಜುಲೈನಲ್ಲಿ 115,000 ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಕೊಂಡುಕೊಂಡಿತು.

ಯುನೈಟೆಡ್‌ನ ಹನ್ನೊಂದು ವರ್ಷಗಳ ಸಾಧನೆ ಬಹುಮಂದಿಗೆ ಗೊತ್ತಿರುವುದರಿಂದ ಇಲ್ಲಿ ಚುಟುಕಾಗಿ ಹೇಳುತ್ತೇನೆ. 404 ಪಂದ್ಯಗಳಲ್ಲಿ 237 ಗೋಲು. 1963–64ರ ಒಂದೇ ಋತುವಿನಲ್ಲಿ 46 ಗೋಲು, ಅದು ಇಂದಿಗೂ ಆ ಕ್ಲಬ್ಬಿನ ದಾಖಲೆ. 1965 ಮತ್ತು 1967ರಲ್ಲಿ ಲೀಗ್ ಪ್ರಶಸ್ತಿ. 1964ರಲ್ಲಿ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುತ್ತಿದ್ದ ಬ್ಯಾಲನ್ ಡಿ'ಓರ್ ಪಡೆದ ಲಾ ಆ ಗೌರವಕ್ಕೆ ಪಾತ್ರರಾದ ಏಕೈಕ ಸ್ಕಾಟ್. ಎತ್ತರದ ಆಳಲ್ಲದಿದ್ದರೂ ರಕ್ಷಕರಿಗಿಂತ ಮೇಲಕ್ಕೆ ಜಿಗಿದು ತಲೆಯಿಂದ ಚೆಂಡನ್ನು ಬಲೆಗೆ ಕಳಿಸುವುದರಲ್ಲಿ ಅವರಿಗೆ ಸಾಟಿಯಾದವರು ಕಡಿಮೆ. 1968ರಲ್ಲಿ ಯುನೈಟೆಡ್ ಯುರೋಪಿಯನ್ ಕಪ್ ಗೆದ್ದ ರಾತ್ರಿ ಮಾತ್ರ ಅವರು ಮೊಣಕಾಲಿನ ಚಿಕಿತ್ಸೆಗಾಗಿ ಆಸ್ಪತ್ರೆಯಲ್ಲಿದ್ದು ಪಂದ್ಯವನ್ನು ಟಿವಿಯಲ್ಲಿ ನೋಡಬೇಕಾಯಿತು.

1973ರಲ್ಲಿ ಯುನೈಟೆಡ್ ತಮ್ಮನ್ನು ಕೈಬಿಟ್ಟ ಸುದ್ದಿ ಅವರಿಗೆ ತಿಳಿದದ್ದು ಅಬರ್ಡೀನಿಗೆ ಬಂದಿದ್ದಾಗ, ಟಿವಿಯ ಮೂಲಕ. ಅವರು ಸಿಟಿಗೆ ಮರಳಿದರು. 1974ರ ಏಪ್ರಿಲ್ 27ರಂದು ಯುನೈಟೆಡ್‌ನ ತವರು ಮೈದಾನವಾದ ಓಲ್ಡ್ ಟ್ರಾಫರ್ಡ್‌ನಲ್ಲಿ, ಕೆಳ ವಿಭಾಗಕ್ಕೆ ಜಾರುವ ಅಂಚಿನಲ್ಲಿದ್ದ ಯುನೈಟೆಡ್ ವಿರುದ್ಧ, ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಲಾ ಹಿಮ್ಮಡಿಯಿಂದ ತಳ್ಳಿದ ಚೆಂಡು ಬಲೆಗೆ ಸೇರಿತು. ಸಹ ಆಟಗಾರರು ಬಂದು ತಬ್ಬಿಕೊಂಡರೂ ಅವರ ಮುಖದಲ್ಲಿ ನಗು ಮೂಡಲಿಲ್ಲ. ತಲೆ ತಗ್ಗಿಸಿ ಮೈದಾನದಿಂದ ಹೊರನಡೆದರು, ಅದೇ ಅವರ ಕೊನೆಯ ಲೀಗ್ ಪಂದ್ಯವಾಯಿತು. ಅದೇ ದಿನ, ಅದೇ ಅಂಚಿನಲ್ಲಿದ್ದ ಬರ್ಮಿಂಗ್‌ಹ್ಯಾಮ್ ಗೆದ್ದಿದ್ದರಿಂದ ಆ ಗೋಲು ಆಗದಿದ್ದರೂ ಯುನೈಟೆಡ್ ಕೆಳಗಿಳಿಯುವುದು ತಪ್ಪುತ್ತಿರಲಿಲ್ಲ. ಆದರೂ ಐವತ್ತು ವರ್ಷಗಳಿಂದ ಟಿವಿಯಲ್ಲಿ ಲಾ ಎಂದರೆ ಆ ಹಿಮ್ಮಡಿಯೇ ಮೊದಲು ಬರುತ್ತದೆ. ಇದು ಅವರಿಗೆ ಆದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅವರ ಒಂದೇ ಗೋಲನ್ನು ಆರಿಸು ಎಂದರೆ ನಾನು 1967ರ ಏಪ್ರಿಲ್ 15ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಇಂಗ್ಲೆಂಡ್ ವಿರುದ್ಧ ಬಂದದ್ದನ್ನು ಆರಿಸುತ್ತೇನೆ. ಅದರ ಹಿಂದಿನ ವರ್ಷ ಇಂಗ್ಲೆಂಡ್ ವಿಶ್ವಕಪ್ ಗೆದ್ದ ದಿನ ಲಾ ಟಿವಿಯ ಮುಂದೆ ಕೂರಲಾರದೆ ಗಾಲ್ಫ್ ಆಡಲು ಹೋಗಿದ್ದರು. 1961ರಲ್ಲಿ ಇದೇ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ 9–3ರಲ್ಲಿ ಸೋತ ತಂಡದಲ್ಲೂ ಅವರಿದ್ದರು. ವಿಶ್ವವಿಜೇತರ ವಿರುದ್ಧ ಮೊದಲ ಗೋಲನ್ನು ಅವರೇ ಹೊಡೆದು, ಸ್ಕಾಟ್ಲೆಂಡ್ 3–2ರಿಂದ ಗೆದ್ದಿತು. ಸಹ ಆಟಗಾರ ಜಿಮ್ ಬ್ಯಾಕ್ಸ್‌ಟರ್ ನಡುಮೈದಾನದಲ್ಲಿ ಚೆಂಡನ್ನು ಕಾಲಮೇಲೆ ಪುಟಿಸುತ್ತಾ ಎದುರಾಳಿಗಳನ್ನು ಕೆಣಕುತ್ತಿದ್ದರೆ, ಹಳೆಯ ಸೋಲು ಮರೆಯದ ಲಾ ಇನ್ನಷ್ಟು ಗೋಲು ಬೇಕೆಂದು ಹಟ ಹಿಡಿದಿದ್ದರು. ಇಂಗ್ಲೆಂಡಿನಲ್ಲೇ ಹೆಸರು, ಹಣ, ಸಂಸಾರ ಎಲ್ಲವನ್ನೂ ಪಡೆದವರ ಹಟ ಅದು.

ಅವರ ಕಾಲದ ಸ್ಕಾಟ್ಲೆಂಡ್ 1962, 1966, 1970ರ ವಿಶ್ವಕಪ್‌ಗಳಿಗೆ ಅರ್ಹತೆ ಪಡೆಯಲಿಲ್ಲ. 1974ರಲ್ಲಿ ಕೊನೆಗೂ ತಂಡ ಜರ್ಮನಿಗೆ ಹೋದಾಗ ಲಾ ಅವರಿಗೆ 34 ವರ್ಷ. ಡಾರ್ಟ್‌ಮುಂಡ್‌ನಲ್ಲಿ ಜೈರ್ ವಿರುದ್ಧ 2–0ರಿಂದ ಗೆದ್ದ ಪಂದ್ಯವೊಂದನ್ನು ಆಡಿದರು, ಮತ್ತೆ ಅವಕಾಶ ಸಿಗಲಿಲ್ಲ. ಒಂದೂ ಪಂದ್ಯ ಸೋಲದೆಯೂ ಸ್ಕಾಟ್ಲೆಂಡ್ ಗೋಲುಗಳ ಅಂತರದಿಂದ ಹೊರಬಿತ್ತು.

2021ರಲ್ಲಿ ಲಾ ತಮಗೆ ಮರೆವಿನ ಕಾಯಿಲೆ ಇರುವುದನ್ನು ತಾವೇ ಬಹಿರಂಗಪಡಿಸಿದರು. ಒಬ್ಬರ ಕಾಯಿಲೆಯ ಕಾರಣವನ್ನು ಹೊರಗಿನವರು ನಿರ್ಧರಿಸಲಾಗದು. ಆದರೆ ಗ್ಲಾಸ್ಗೊ ವಿಶ್ವವಿದ್ಯಾಲಯದ ತಜ್ಞರು ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಿದುಳಿನ ಸವಕಳಿಯ ಕಾಯಿಲೆಗಳಿಂದ ಸಾಯುವ ಸಂಭವ ಅವರಲ್ಲಿ ಇತರರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಮರುವರ್ಷ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಹನ್ನೆರಡು ವರ್ಷದೊಳಗಿನ ಮಕ್ಕಳ ತರಬೇತಿಯಲ್ಲಿ ಚೆಂಡಿಗೆ ತಲೆ ಕೊಡುವುದನ್ನು ನಿಲ್ಲಿಸಿತು. ಮಗನಿಗೆ, ಮಗಳಿಗೆ ಹೆಡರ್ ಯಾಕೆ ಕಲಿಸುತ್ತಿಲ್ಲ ಎಂದು ಕೋಚ್‌ಗಳನ್ನು ಕೇಳುವ ನಮ್ಮ ಪೋಷಕರಿಗೆ ಉತ್ತರ ಇಲ್ಲಿದೆ. ಆ ವಯಸ್ಸಿನ ಮಕ್ಕಳು ಸದ್ಯಕ್ಕೆ ಕಾಲಿನಿಂದಲೇ ಆಡಲಿ. ತಲೆಯಿಂದ ಆಡುವುದನ್ನು ಕಲಿಯಲು ಅವರಿಗೆ ಮುಂದೆ ಕಾಲವಿದೆ.