ಹೆಲ್ಮೆಟ್ ನಿಯಮ ಮತ್ತು ಗೋಡೆ ಮೇಲಿನ ಚಾರ್ಟ್: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಒಂಬತ್ತನೇ ತರಗತಿ ಮಕ್ಕಳು ನಮ್ಮ ದೇಶದ ರಸ್ತೆ ಸಾವುಗಳನ್ನು ಬೇರೆ ದೇಶಗಳ ಜೊತೆ ಹೋಲಿಸಿ ಮಾಡಿದ ಚಾರ್ಟ್ ಕೆಲವರಿಗೆ ಬೇಸರ ತರಿಸಿದೆ. "ಸ್ವೀಡನ್ ಪಕ್ಕ ನಿಲ್ಲಿಸಿ ನಮ್ಮ ದೇಶಾನ ಮಕ್ಕಳ ಮುಂದೆ ಚಿಕ್ಕದು ಮಾಡ್ತೀರಾ?" ಎಂದು ಒಬ್ಬರು ಕೇಳಿದರು. ನಿಮ್ಮ ಅಭಿಮಾನ ಅರ್ಥವಾಗುತ್ತದೆ. ಆದರೆ ಚಾರ್ಟ್ ತೆಗೆಯುವುದಿಲ್ಲ.

ಅದರಲ್ಲಿರುವುದು ನಮ್ಮ ಸರ್ಕಾರದ್ದೇ ಲೆಕ್ಕ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಲಕ್ಷ ಜನಕ್ಕೆ ಸುಮಾರು 12. ಸ್ವೀಡನ್‌ನಲ್ಲಿ ಸುಮಾರು 2. ಆ ಇಡೀ ದೇಶದ ಜನಸಂಖ್ಯೆ ನಮ್ಮ ಬೆಂಗಳೂರಿಗಿಂತ ಕಡಿಮೆ. ಅದಕ್ಕೇ ಮಕ್ಕಳು ಒಟ್ಟು ಸಂಖ್ಯೆಯನ್ನಷ್ಟೇ ಹಾಕದೆ ಲಕ್ಷಕ್ಕೆ ಎಷ್ಟು ಎಂದು ಭಾಗಿಸಿದ್ದಾರೆ. ಗಣಿತದ ಮೇಷ್ಟ್ರಿಗೆ ಆ ಖುಷಿ ಬೇರೆ!

"ಅಮೆರಿಕದಲ್ಲೂ ಲಕ್ಷಕ್ಕೆ ಹನ್ನೆರಡು ಹದಿಮೂರು ಇದೆಯಲ್ಲ ಮೇಡಂ" ಎಂದರು ಇನ್ನೊಬ್ಬ ತಂದೆ. ನಿಜ. ಆದರೆ ಅಲ್ಲಿ ಕಾರಿಲ್ಲದ ಮನೆ ಕಡಿಮೆ, ಒಬ್ಬೊಬ್ಬರು ಓಡಿಸುವ ದೂರ ನಮಗಿಂತ ಬಹಳ ಜಾಸ್ತಿ. ಓಡಿಸಿದ ದೂರಕ್ಕೆ ಎಷ್ಟು ಸಾವು ಎಂದು ಲೆಕ್ಕ ಹಿಡಿದರೆ ನಮ್ಮ ಸ್ಥಿತಿ ತುಂಬಾ ಕೆಟ್ಟದ್ದು. ಅಲ್ಲಿ ಸಾಯುವವರಲ್ಲಿ ಹೆಚ್ಚಿನವರು ಕಾರು, ಜೀಪು, ಪಿಕಪ್ ಒಳಗಿದ್ದವರು. ನಮ್ಮಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರ ವಾಹನದವರು. ನಮ್ಮ ಮಕ್ಕಳು ಶಾಲೆಗೆ ಬರುವುದೂ ಅದರಲ್ಲೇ ಅಲ್ವಾ?

ನೀವು ನೋಡಬೇಕಾದದ್ದು ಜಪಾನ್ ಸಾಲು. 1970ರಲ್ಲಿ ಅಲ್ಲಿ 16,765 ಜನ ಸತ್ತರು. ಲಕ್ಷಕ್ಕೆ ಸುಮಾರು 16, ಇವತ್ತಿನ ನಮಗಿಂತ ಜಾಸ್ತಿ. ಅದನ್ನು ಅವರು ಟ್ರಾಫಿಕ್ ಯುದ್ಧ ಅಂತಲೇ ಕರೆದರು. ಫುಟ್‌ಪಾತ್ ಕಟ್ಟಿದರು, ಸಿಗ್ನಲ್ ಹಾಕಿದರು, ಕುಡಿದು ಓಡಿಸುವವರಿಗೆ ಶಿಕ್ಷೆ ಬಿಗಿ ಮಾಡಿದರು. 2022ರಲ್ಲಿ ಅದೇ ಲೆಕ್ಕ 2,610ಕ್ಕೆ ಇಳಿದಿತ್ತು. ಇದರಲ್ಲಿ ನಮಗೆ ಅವಮಾನ ಎಲ್ಲಿದೆ?

ಈಗ ಹೆಲ್ಮೆಟ್ ವಿಷಯ, ಅಂದರೆ ದ್ವಿಚಕ್ರ ವಾಹನದಲ್ಲಿ ಹಿಂದೆ ಕೂತು ಬರುವ ಮಕ್ಕಳೂ ಹೆಲ್ಮೆಟ್ ಹಾಕಬೇಕೆಂಬ ನಮ್ಮ ಶಾಲೆಯ ನಿಯಮ. ನಿಜವಾದ ಜಗಳ ಇದರದ್ದೇ ಅಂತ ನನಗೂ ಗೊತ್ತು. ಮನೆ ಇಲ್ಲೇ ಹತ್ತಿರ, ಸೆಕೆ, ಜಡೆ ಹಾಳಾಗುತ್ತೆ, ಬ್ಯಾಗಿನ ಭಾರವೇ ಸಾಕಾಗಿದೆ, ಹೆಲ್ಮೆಟ್ ಇಡೋದೆಲ್ಲಿ, ದುಡ್ಡು ಯಾರು ಕೊಡ್ತಾರೆ... ಎಲ್ಲವನ್ನೂ ಕೇಳಿದ್ದೇನೆ. ಯಾವುದೂ ಸುಮ್ನೆ ಹೇಳಿದ ಮಾತಲ್ಲ. ಅದಕ್ಕೇ ಮೆಟ್ಟಿಲ ಕೆಳಗೆ ತರಗತಿವಾರು ರ‍್ಯಾಕ್ ಮಾಡಿಸಿದ್ದೇವೆ. ದುಡ್ಡಿನ ತೊಂದರೆ ಇದ್ದರೆ ನನ್ನ ಕೋಣೆಗೆ ಬನ್ನಿ, ವಿಷಯ ಅಲ್ಲಿಂದ ಆಚೆ ಹೋಗುವುದಿಲ್ಲ. ಜಡೆ ಒಂದರ ಬದಲು ಎರಡು ಹಾಕಿದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ, ನಮ್ಮ ಪಿ.ಟಿ. ಟೀಚರ್ ಸಲಹೆ ಇದು.

ಹತ್ತಿರ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ಲಾರಿಗೆ ನಿಮ್ಮ ಮನೆ ಎಷ್ಟು ದೂರ ಅಂತ ಗೊತ್ತಿರುವುದಿಲ್ಲ. ಮುಂದೆ ಕೂತ ಅಪ್ಪನ ತಲೆಗೆ ಹೆಲ್ಮೆಟ್, ಹಿಂದೆ ಕೂತ ಮಗಳ ತಲೆಗೆ ರಿಬ್ಬನ್. ದಿನಾ ಗೇಟಿನಲ್ಲಿ ನಾವು ನೋಡುವುದು ಇದನ್ನೇ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಆದರೂ ಇದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ.

ಹೆಲ್ಮೆಟ್ ಇಲ್ಲದೆ ಬಂದ ಮಗುವನ್ನು ವಾಪಸ್ ಕಳಿಸುವುದಿಲ್ಲ, ತರಗತಿಯ ಹೊರಗೆ ನಿಲ್ಲಿಸುವುದೂ ಇಲ್ಲ. ತಪ್ಪು ಮಗುವಿನದಲ್ಲ. ಫೋನ್ ನಿಮಗೆ ಬರುತ್ತದೆ, ಪ್ರತಿ ಸಲವೂ. ಹೈಸ್ಕೂಲ್ ಮಕ್ಕಳು ತಾವೇ ಸ್ಕೂಟರ್ ಓಡಿಸಿಕೊಂಡು ಬಂದರೆ ಗಾಡಿ ಒಳಗೆ ಬಿಡುವುದಿಲ್ಲ. ಅದರ ಬಗ್ಗೆ ಚರ್ಚೆಯೂ ಇಲ್ಲ.

ಸೋಮವಾರದಿಂದ ಮಗುವಿನ ತಲೆಗೆ ಸರಿಹೊಂದುವ ಐಎಸ್ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು ಕರೆತನ್ನಿ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ