ನೀವು ಕೊಟ್ಟದ್ದರ ಲೆಕ್ಕ

2025ರ ನವೆಂಬರ್ ಮೊದಲ ವಾರದಲ್ಲಿ ಕೇರಳದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಿ ನನಗೆ ಟ್ರಾಸ್ಟುಜುಮ್ಯಾಬ್ ಎಂಬ ಕ್ಯಾನ್ಸರ್ ಮದ್ದಿನ ಹದಿನೆಂಟನೆಯ, ಅಂದರೆ ಕೊನೆಯ, ಡೋಸ್ ಮುಗಿಯಿತು. ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಮತ್ತು ಈ ಒಂದು ವರ್ಷದ ಔಷಧ ಎಲ್ಲವೂ ಸೇರಿ ಹದಿನೇಳು ತಿಂಗಳ ಚಿಕಿತ್ಸೆ. ಈ ಅವಧಿಯಲ್ಲಿ ಕೈಗೆ ಬಂದ ಪ್ರತಿಯೊಂದು ರೂಪಾಯಿಯನ್ನೂ ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಎಷ್ಟೋ ಮಂದಿ ಕೊಟ್ಟ ಹಣ ಅದರಲ್ಲಿದೆ. ಅವರೆಲ್ಲರ ಮನೆಗೆ ಹೋಗಿ ಕೈಮುಗಿಯಲು ಆಗದ ಕಾರಣ ಇಲ್ಲಿ ಲೆಕ್ಕ ಒಪ್ಪಿಸುತ್ತಿದ್ದೇನೆ.

ಒಂಬತ್ತು ವರ್ಷ ಕುಂಬಳೆಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ದುಡಿದವಳು ನಾನು. 2024ರ ಮಾರ್ಚ್ ಕೊನೆಗೆ ಅಲ್ಲಿನ ಎರಡು ವಿಭಾಗಗಳನ್ನು ಒಂದು ಮಾಡಿದಾಗ ಕೆಲಸ ಹೋಯಿತು. ನೌಕರರ ಗುಂಪು ವಿಮೆಯೂ ಅದೇ ದಿನ ಕೊನೆಗೊಂಡಿತು. ಆಗ ಅದು ಮನಸ್ಸಿಗೆ ಬರಲೇ ಇಲ್ಲ. ಮೇ ತಿಂಗಳಲ್ಲಿ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು. ಬಯಾಪ್ಸಿ, ಸ್ಕ್ಯಾನ್ ಇತ್ಯಾದಿಗಳಿಗೆ ಮಂಗಳೂರಿನಲ್ಲಿ ಕೈಯಿಂದಲೇ ಕಟ್ಟಬೇಕಾಯಿತು. ನನ್ನ ಎರಡು ಬಳೆ, ಅಮ್ಮನ ಸರ ಸಹಕಾರಿ ಬ್ಯಾಂಕಿಗೆ ಅಡವು ಹೋದವು. ಬದಿಯಡ್ಕದಲ್ಲಿ ಒಂದೇ ಕೋಣೆಯ ಟೈಲರ್ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡ ಆ ದಿನ ಬ್ಯಾಂಕಿನಿಂದ ಮರಳಿದವರು ಮಾತಾಡದೆ ಹೊಲಿಗೆಯಂತ್ರದ ಮುಂದೆ ಕುಳಿತರು.

ಪುಸ್ತಕದ ಮೊದಲ ದೊಡ್ಡ ಜಮೆ 72,692 ರೂಪಾಯಿ. ಅದು ನನ್ನದೇ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಹಣ. ಐದು ವರ್ಷ ಪೂರೈಸಿದ ನೌಕರರಿಗೆ ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯ ಪ್ರಕಾರ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ ಸಲ್ಲಬೇಕಿತ್ತು; ತಿಂಗಳ ಮೂಲವೇತನವನ್ನು 26 ಕೆಲಸದ ದಿನಗಳಿಂದ ಭಾಗಿಸಿ ಈ ಲೆಕ್ಕ ಹಾಕುತ್ತಿದ್ದರು. ನನ್ನ ಮೂಲವೇತನ 14,000. ಇತರರ ಗ್ರಾಚ್ಯುಟಿಯನ್ನು ವರ್ಷಗಟ್ಟಲೆ ಲೆಕ್ಕ ಹಾಕಿ ಕೊಟ್ಟವಳು ನಾನೇ ಆಗಿದ್ದರೂ, ಕೆಲಸ ಕಳೆದುಕೊಂಡ ಅವಮಾನದಲ್ಲಿ ನನ್ನದನ್ನು ಕೇಳಲು ಬಾಯಿ ಬರಲಿಲ್ಲ. ಇನ್ನೂ ಅಲ್ಲೇ ಕೆಲಸದಲ್ಲಿದ್ದ ಒಬ್ಬ ಸಹೋದ್ಯೋಗಿ ಒಂದು ಭಾನುವಾರ ಅರ್ಜಿಯನ್ನು ತುಂಬಿಸಿಕೊಂಡೇ ನಮ್ಮ ಮನೆಗೆ ಬಂದರು. "ಸಹಿ ಮಾತ್ರ ಮಾಡಿ ಅಕ್ಕಾ, ಉಳಿದದ್ದು ನಾನು ನೋಡ್ತೇನೆ" ಎಂದರು. ತಮ್ಮ ಕೆಲಸಕ್ಕೆ ಕುತ್ತು ಬರಬಹುದೆಂದು ಗೊತ್ತಿದ್ದೂ ನಾಲ್ಕು ತಿಂಗಳು ಬೆನ್ನುಬಿಡದೆ ಆ ಹಣವನ್ನು ನನ್ನ ಖಾತೆಗೆ ತಲಪಿಸಿದ ಆ ಹೆಣ್ಣುಮಗಳ ಋಣವನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ನನಗೆ ಈಗಲೂ ತಿಳಿದಿಲ್ಲ.

ಎರಡನೆಯದು ಕೇರಳ ಸರಕಾರದ ಚಿಕಿತ್ಸಾ ಸಹಾಯ ನಿಧಿಯಾದ ಕಾರುಣ್ಯ ಬೆನೆವೊಲೆಂಟ್ ಫಂಡ್. ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಒದಗಿಸುವ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ನಮ್ಮ ಹೆಸರು ಇರಲಿಲ್ಲ. ಆದರೆ ಅದರಲ್ಲಿ ಸೇರದ, ವಾರ್ಷಿಕ ಆದಾಯ ಮೂರು ಲಕ್ಷದೊಳಗಿನ ಕುಟುಂಬಕ್ಕೆ ಈ ನಿಧಿಯಿಂದ ಎರಡು ಲಕ್ಷದವರೆಗೆ ಸಹಾಯವಿದೆ ಎಂದು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಅಂಗಳದಲ್ಲಿ ನಿಂತೇ ಹೇಳಿದರು. ನನ್ನ ಸಂಬಳವಿದ್ದಾಗ ನಾವು ಆ ಮಿತಿಯ ಹೊರಗಿದ್ದೆವು. ವಿಲ್ಲೇಜ್ ಆಫೀಸಿನ ಅಧಿಕಾರಿ ಕೆಲಸದಿಂದ ಬಿಡುಗಡೆಯಾದ ಪತ್ರವನ್ನು ಎರಡು ಸಲ ಓದಿ, ಮನೆಗೂ ಬಂದು ನೋಡಿ, ಈಗಿನ ಸ್ಥಿತಿಗೆ ಸರಿಯಾದ ಆದಾಯ ಪ್ರಮಾಣಪತ್ರವನ್ನು ಅದೇ ವಾರ ಕೊಟ್ಟರು. ಕಾಸರಗೋಡಿನ ಕನ್ನಡಿಗರಿಗೆ ಕನ್ನಡದಲ್ಲಿಯೇ ಸರಕಾರದೊಡನೆ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿತ್ತು. ಆದರೂ ನನ್ನ ಕೈಗೆ ಬಂದ ನಮೂನೆಗಳೆಲ್ಲ ಮಲಯಾಳದಲ್ಲಿದ್ದವು. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಮಾತಾಡುವಷ್ಟು ಮಲಯಾಳ ಬರುತ್ತದೆ, ಅರ್ಜಿಯ ಮಲಯಾಳ ಬರುವುದಿಲ್ಲ. ಸರಕಾರಿ ಅರ್ಜಿಗಳನ್ನು ತುಂಬಿಸಿ ಕಳಿಸುವ ಅಕ್ಷಯ ಕೇಂದ್ರದ ಹುಡುಗಿ ಪ್ರತಿ ಸಾಲನ್ನೂ ತುಳುವಿನಲ್ಲಿ ವಿವರಿಸಿ, ನಾನು ಹೂಂ ಎಂದ ಮೇಲೆಯೇ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಕಾಗದಪತ್ರಗಳಲ್ಲೇ ಬದುಕಿದ ನನಗೇ ಇದೆಲ್ಲ ಸರಿಯಾಗಲು ಮೂರು ವಾರ ಹಿಡಿಯಿತೆಂದರೆ, ಬೀಡಿ ಕಟ್ಟುವ, ತೋಟದ ಕೂಲಿಗೆ ಹೋಗುವ ಅಕ್ಕತಂಗಿಯರ ಪಾಡು ಏನೆಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಆ ಎರಡು ಲಕ್ಷ ಶಸ್ತ್ರಚಿಕಿತ್ಸೆ, ಕೀಮೋ ಮತ್ತು ಟ್ರಾಸ್ಟುಜುಮ್ಯಾಬಿನ ಮೊದಲ ಕೆಲವು ಡೋಸುಗಳಿಗೆ ಸಾಕಾಯಿತು. ಉಳಿದ ಡೋಸುಗಳ ಚಿಂತೆಯಲ್ಲಿದ್ದಾಗ ನಡೆದದ್ದು ಬಸ್ಸಿನ ಕಾರುಣ್ಯ ಯಾತ್ರೆ. ನಮ್ಮ ಜಿಲ್ಲೆಯಲ್ಲಿ ಇದು ಹೊಸತಲ್ಲ. ಖಾಸಗಿ ಬಸ್ಸಿನವರು ಒಂದು ದಿನ ಟಿಕೇಟು ಕೊಡದೆ ಬಕೆಟ್ ಹಿಡಿದು, ಅಂದಿನ ಸಂಗ್ರಹವನ್ನೆಲ್ಲ ರೋಗಿಯ ಮನೆಗೆ ಮುಟ್ಟಿಸುತ್ತಾರೆ. ಎಷ್ಟೋ ಸಲ ಆ ಬಕೆಟಿಗೆ ಹತ್ತು ರೂಪಾಯಿ ಹಾಕಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತವಳು ನಾನು. ಈ ಬಾರಿ ಬಸ್ಸಿನ ಮುಂದೆ ಕಟ್ಟಿದ್ದ ಬ್ಯಾನರಿನಲ್ಲಿ ನನ್ನ ಹೆಸರಿತ್ತು.

ರಾತ್ರಿ ಎಂಟೂವರೆಗೆ ಕಂಡಕ್ಟರ್ ಮತ್ತು ಡ್ರೈವರ್ ಇಬ್ಬರೂ ನಮ್ಮ ಜಗಲಿಗೆ ಬಂದು, ಹಣದ ಜೊತೆಗೆ ಟ್ರಿಪ್ ಶೀಟನ್ನೂ ನನ್ನ ಕೈಗಿಟ್ಟರು. ಒಟ್ಟು 41,370 ರೂಪಾಯಿ. ಬೆಳಿಗ್ಗೆ ಆರೂ ನಲವತ್ತರ ಮೊದಲ ಟ್ರಿಪ್ಪಿನಿಂದ ಕೊನೆಯದರವರೆಗೆ ಪ್ರತಿಯೊಂದರ ಸಂಗ್ರಹವನ್ನೂ ನೀಲಿ ಪೆನ್ನಿನಲ್ಲಿ ಬರೆದಿದ್ದರು. ಅಭ್ಯಾಸಬಲದಿಂದ ನಾನು ಖರ್ಚಿನ ಕಡೆ ಕಣ್ಣು ಹಾಯಿಸಿದೆ. ಡೀಸೆಲ್ ಎಂಬಲ್ಲಿ ಒಂದು ಗೆರೆ. ಡ್ರೈವರ್ ಬತ್ತೆ, ಕಂಡಕ್ಟರ್ ಬತ್ತೆ ಎಂಬಲ್ಲಿಯೂ ಬರೀ ಗೆರೆ. ಡೀಸೆಲನ್ನು ಮಾಲಕರು ಹಾಕಿಸಿದ್ದರು. ಇವರಿಬ್ಬರು ಹದಿನಾಲ್ಕು ಗಂಟೆ ದುಡಿದು ಬರಿಗೈಯಲ್ಲಿ ಮನೆಗೆ ಹೊರಟಿದ್ದರು. ಒಂಬತ್ತು ವರ್ಷದ ಕೆಲಸದಲ್ಲಿ ನಾನು ನೂರಾರು ಲೆಕ್ಕಗಳನ್ನು ತಾಳೆ ನೋಡಿದ್ದೇನೆ, ಅಷ್ಟು ಶುದ್ಧವಾದ ಇನ್ನೊಂದು ಹಾಳೆಯನ್ನು ಕಂಡಿಲ್ಲ. ಅದನ್ನು ಪುಸ್ತಕದೊಳಗೆ ಅಂಟಿಸಿಟ್ಟಿದ್ದೇನೆ.

ಆ ಹಣವೂ ಗ್ರಾಚ್ಯುಟಿಯೂ ಪೂರ್ತಿ ಔಷಧಕ್ಕೇ ಹೋದವು. ಕೇರಳ ಸರಕಾರ 2024ರ ಆಗಸ್ಟ್ ಕೊನೆಯಲ್ಲಿ ಜಿಲ್ಲೆಗೊಂದರಂತೆ 14 ಕಾರುಣ್ಯ ಫಾರ್ಮಸಿಗಳಲ್ಲಿ ಲಾಭವಿಲ್ಲದೆ ಕ್ಯಾನ್ಸರ್ ಔಷಧ ಮಾರುವ ಕೌಂಟರುಗಳನ್ನು ತೆರೆದದ್ದು ನನ್ನ ಪಾಲಿಗೆ ಸಕಾಲದಲ್ಲಿ ಒದಗಿತು. ಹಿಂದೆ ವಿದೇಶದ ದುಬಾರಿ ಮದ್ದಾಗಿದ್ದ ಟ್ರಾಸ್ಟುಜುಮ್ಯಾಬನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಇಲ್ಲಿಯೇ ತಯಾರಿಸಿ ಮಾರುಕಟ್ಟೆಗೆ ತರದಿದ್ದರೆ ನಮ್ಮಂಥವರು ಆ ಹೆಸರನ್ನು ಓದಿ ಸುಮ್ಮನಿರಬೇಕಿತ್ತು. ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರೈಲಿನ ಸೆಕೆಂಡ್ ಕ್ಲಾಸಿನಲ್ಲಿ ಶೇಕಡಾ 75 ರಿಯಾಯಿತಿ ಇದೆ; ಆಸ್ಪತ್ರೆಯಿಂದ ಅದರ ಪ್ರಮಾಣಪತ್ರ ಕೇಳಿ ಪಡೆಯಲು ಮೊದಲ ದಿನವೇ ನೆನಪಿಸಿದವರು ಕಾಸರಗೋಡು ನಿಲ್ದಾಣದಲ್ಲಿ ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬ ಅಪರಿಚಿತ ಹಿರಿಯರು. ಮೂರು ವಾರಕ್ಕೊಮ್ಮೆಯ ಆ ಪ್ರಯಾಣದಲ್ಲಿ ಉಳಿದ ಹಣ ಮಗನ ಪ್ಲಸ್ ಟು ಪುಸ್ತಕಗಳಿಗಾಯಿತು.

ಪುಸ್ತಕದಲ್ಲಿ ಹಣವಲ್ಲದ ಜಮೆಗಳೂ ಇವೆ. ನಮ್ಮ ದೊಡ್ಡಪ್ಪ ಎರಡು ಗೋಣಿ ಚಾಲಿ ಅಡಿಕೆಯನ್ನು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿ ಬಿಲ್ಲನ್ನು ನನ್ನ ತಲೆದಿಂಬಿನ ಕೆಳಗಿಟ್ಟು ಹೋದರು. ಪಕ್ಕದ ಮನೆಯ ಬ್ಯಾರಿ ಅಕ್ಕ ಕೀಮೋ ಆದ ಮೂರನೆಯ ದಿನ ತಪ್ಪದೆ ಗಂಜಿ ತಂದು, ನಾನು ಉಣ್ಣುವವರೆಗೆ ಹೊಸ್ತಿಲ ಮೇಲೆ ಕೂರುತ್ತಿದ್ದರು. ರೋಗಿಗಳ ಮನೆಗೇ ಬಂದು ಆರೈಕೆ ಮಾಡುವ ಪಂಚಾಯತಿನ ಪಾಲಿಯೇಟಿವ್ ದಾದಿ ಗಾಯಕ್ಕೆ ಮದ್ದು ಕಟ್ಟಲು ಮಳೆಯಲ್ಲಿ ಗುಡ್ಡ ಹತ್ತಿ ಬಂದರು.

ಅಡವಿನ ಬಳೆಗಳು ಇನ್ನೂ ಬ್ಯಾಂಕಿನಲ್ಲಿವೆ. ಅಮ್ಮನ ಸರ ಮಾತ್ರ ಮರಳಿ ಬಂದಿದೆ. ಈಗ ಎರಡು ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಬರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಗಂಡನ ಅಂಗಡಿಯಲ್ಲಿ ಇರುತ್ತೇನೆ. ಚಿಕಿತ್ಸೆಯ ಅರ್ಜಿ, ಗ್ರಾಚ್ಯುಟಿ, ಪಿಎಫ್ ಕಾಗದಗಳನ್ನು ತುಂಬಿಸಬೇಕಾದವರು ಸಂಕೋಚವಿಲ್ಲದೆ ಬನ್ನಿ.

ಇನ್ನೊಬ್ಬರ ಹೆಸರು ಪುಸ್ತಕದಲ್ಲಿ ಇರಲಿಲ್ಲ. ಕಾರುಣ್ಯ ನಿಧಿ ಆರಂಭವಾದದ್ದೇ ಲಾಟರಿಯ ಆದಾಯದಿಂದ ಎಂದು ತಿಳಿದ ಮೇಲೆ, ಬದಿಯಡ್ಕ ಬಸ್ ನಿಲ್ದಾಣದಲ್ಲಿ ಊರುಗೋಲು ಒರಗಿಸಿಟ್ಟು ಲಾಟರಿ ಮಾರುವ ಅಜ್ಜನ ಬಳಿಗೆ ಕಳೆದ ಶನಿವಾರ ಹೋದೆ. ನೀವು ಮಾರಿದ ಚೀಟಿಗಳ ಹಣದಿಂದ ನನಗೆ ಆಪರೇಷನ್ ಆಯಿತು ಎಂದೆ. ಅವರು ಕೈಯಲ್ಲಿದ್ದ ಚೀಟಿಗಳನ್ನು ಒಮ್ಮೆ ನೋಡಿ, ಮತ್ತೆ ನನ್ನ ಚಿಗುರುತ್ತಿದ್ದ ಕೂದಲನ್ನು ನೋಡಿ, "ಈಗ ಊಟ ಸೇರ್ತದಾ ಮಗಾ?" ಎಂದು ಕೇಳಿದರು. ಸೇರುತ್ತದೆ ಅಜ್ಜಾ ಎಂದೆ.