ಬೀಗ ಒಡೆಯುವವರು ಬೇರೆ, ದೋಚುವವರು ಬೇರೆ

ಮಾನ್ಯ ಸಂಪಾದಕರೇ,

ಆಸ್ಪತ್ರೆಯೋ ಸಹಕಾರಿ ಬ್ಯಾಂಕೋ ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ತುತ್ತಾದಾಗ, ಫೈಲುಗಳು ಲಾಕ್ ಆದ ದಿನವನ್ನೇ ದಾಳಿಯ ದಿನವೆಂದು ಬರೆಯುತ್ತಾರೆ. ಒಳನುಗ್ಗಿದ್ದು ಎಷ್ಟೋ ಸಲ ವಾರಗಳ ಹಿಂದೆ, ನುಗ್ಗಿದವನೂ ಬೇರೆಯವನು. ಒಳದಾರಿ ಮಾಡಿ ಮಾರುವುದಷ್ಟೇ ಅವನ ಕಸುಬು. ಅವನ ಜಾಹೀರಾತಿನಲ್ಲಿ ಸಾಮಾನ್ಯವಾಗಿ ಸಂಸ್ಥೆಯ ಹೆಸರಿರುವುದಿಲ್ಲ. ದೇಶ, ಉದ್ಯಮ, ವಾರ್ಷಿಕ ವಹಿವಾಟು, ಸಿಕ್ಕಿದ್ದು ಮಾಮೂಲಿ ಖಾತೆಯೋ ಅಡ್ಮಿನ್ ಖಾತೆಯೋ, ಇಷ್ಟಿದ್ದರೆ ಗಿರಾಕಿಗೆ ಸಾಕು.

2016ರಲ್ಲಿ ಬಯಲಾದ ಎಕ್ಸ್‌ಡೆಡಿಕ್ ಎಂಬ ಕಳ್ಳಸಂತೆಯಲ್ಲಿ 70 ಸಾವಿರಕ್ಕೂ ಹೆಚ್ಚು ಸರ್ವರ್‌ಗಳ ಒಳದಾರಿಗಳು ಮಾರಾಟಕ್ಕಿದ್ದವು, ಕೆಲವು ಬರೀ 6 ಡಾಲರ್‌ಗೆ. ಎಫ್‌ಎಕ್ಸ್‌ಎಂಎಸ್‌ಪಿ ಎಂಬ ಗುಪ್ತನಾಮದ ಕಜಾಕಸ್ತಾನದವನೊಬ್ಬ 300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಕನ್ನ ಹಾಕಿದನೆಂಬ ಅಮೆರಿಕದ ದೋಷಾರೋಪ 2020ರಲ್ಲಿ ಹೊರಬಿತ್ತು. ವಿಧಾನ ತೀರಾ ಸರಳ: ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ (ಜಾಲದತ್ತ ತೆರೆಯುವ ಬಾಗಿಲು) ತೆರೆದಿರುವ ಯಂತ್ರ ಹುಡುಕುವುದು, ಪಾಸ್‌ವರ್ಡ್ ಊಹಿಸುತ್ತಾ ಹೋಗುವುದು. ಆತ ಬ್ಯಾಕಪ್‌ನಲ್ಲೂ ಹಿಂಬಾಗಿಲು ಇಡುತ್ತಿದ್ದ. ‘ಬ್ಯಾಕಪ್ ಇದೆಯಲ್ಲ’ ಎಂದು ನೆಮ್ಮದಿಯಾಗಿರುವವರು ಇದನ್ನು ಗಮನಿಸಲಿ.

ನಮ್ಮ ಸಣ್ಣ ಕಚೇರಿಗಳಲ್ಲೂ ಸಾಫ್ಟ್‌ವೇರ್ ರಿಪೇರಿಯವರ ಅನುಕೂಲಕ್ಕೆಂದು ಇದೇ ಪೋರ್ಟನ್ನು ರೂಟರ್‌ನಲ್ಲಿ ತೆರೆದಿಡುವುದುಂಟು. 3389ರ ಬದಲು 3390 ಮಾಡಿದರೆ ಉಪಯೋಗವಿಲ್ಲ. ತೆರೆದ ಪೋರ್ಟ್ ಹುಡುಕುವ ಸ್ಕ್ಯಾನರ್ ಯಂತ್ರ ಕೊಡುವ ಉತ್ತರದ ಧಾಟಿಯಿಂದಲೇ ಗುರುತಿಸುತ್ತದೆ. ಪೋರ್ಟ್ ಮುಚ್ಚಿ, ವಿಪಿಎನ್ (ಕಚೇರಿಯ ಜಾಲಕ್ಕೆ ಬರುವ ಸುರಕ್ಷಿತ ಖಾಸಗಿ ದಾರಿ) ಮೂಲಕ ಮಾತ್ರ ಬಿಡಿ. ವಿಪಿಎನ್‌ಗೂ ಪಾಸ್‌ವರ್ಡ್ ಜೊತೆ ಒಟಿಪಿಯಂಥ ಎರಡನೇ ದೃಢೀಕರಣ ಇರಲೇಬೇಕು: 2021ರಲ್ಲಿ ಅಮೆರಿಕದ ಇಂಧನ ಸಾಗಣೆ ಕಂಪನಿ ಕಲೋನಿಯಲ್ ಪೈಪ್‌ಲೈನ್‌ಗೆ ದಾಳಿಕೋರರು ಬಂದದ್ದು ಅದಿಲ್ಲದ, ಬಳಕೆ ತಪ್ಪಿದ ಒಂದು ಖಾತೆಯಿಂದ. ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚಿ.

ಈಚೆಗೆ ಈ ಮಾರಾಟದ ಸರಕು ಕ್ರ್ಯಾಕ್ ಮಾಡಿದ (ಕಳ್ಳಪ್ರತಿ) ಸಾಫ್ಟ್‌ವೇರ್ ಜೊತೆ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶವೂ ಸೇರಿಕೊಂಡ ಲ್ಯಾಪ್‌ಟಾಪ್‌ಗಳಿಂದಲೂ ಬರುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಜೊತೆ ಲಾಗಿನ್ ಕುಕಿಗಳೂ (ಈಗಾಗಲೇ ಲಾಗಿನ್ ಆಗಿದ್ದೀರೆಂಬ ಗುರುತು) ಹೋಗುತ್ತವೆ. ಕುಕಿ ಸಿಕ್ಕವನಿಗೆ ಒಟಿಪಿಯ ಹಂಗಿಲ್ಲ. ಅದೇ ಯಂತ್ರದಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದನ್ನೂ ಕೊಟ್ಟಂತೆ. ಮೊದಲು ಬೇರೆ ಯಂತ್ರದಿಂದ ಎಲ್ಲ ಸೆಷನ್‌ಗಳನ್ನು ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಆಮೇಲೆ ಸೋಂಕಿತ ಯಂತ್ರಕ್ಕೆ ವಿಂಡೋಸ್ ಹೊಸದಾಗಿ ಹಾಕಿ.

ದಾರಿ ಮಾರಾಟವಾಗಿ ದೋಚುವವನು ಬರುವ ನಡುವೆ ಸಿಗುವ ಕಾಲಾವಕಾಶವೇ ನಮ್ಮ ಪಾಲಿನದು. ವಿಂಡೋಸ್‌ನ ಸೆಕ್ಯುರಿಟಿ ಲಾಗ್‌ನಲ್ಲಿ (ಲಾಗಿನ್ ಮೊದಲಾದವುಗಳ ದಾಖಲೆ) 4625 ಎಂಬ ಸಂಕೇತ (ವಿಫಲ ಲಾಗಿನ್) ಸಾಲುಸಾಲಾಗಿ ಬಂದು, ಅಪರಾತ್ರಿಯಲ್ಲಿ ಒಂದು 4624 (ಯಶಸ್ವಿ) ಕಂಡರೆ ಅಲ್ಲೇ ಹಿಡಿಯಬಹುದು. ಆದರೆ ಆ ಲಾಗ್‌ನ ಮೂಲ ಮಿತಿ ಸಾಮಾನ್ಯವಾಗಿ 20 ಎಂಬಿ. ಪಾಸ್‌ವರ್ಡ್ ಊಹಿಸುವ ದಾಳಿಯೇ ಅದನ್ನು ಬೇಗ ತುಂಬಿಸಿ ಹಳೆಯದನ್ನು ಅಳಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ನಿರ್ದೇಶನದಲ್ಲಿ 180 ದಿನಗಳ ಲಾಗ್ ಕೇಳಿದೆ, ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿಯನ್ನೂ. ಮಿತಿ ಹೆಚ್ಚಿಸಿ, ಪ್ರತಿಯನ್ನು ಬೇರೆ ಯಂತ್ರಕ್ಕೆ ಕಳಿಸದ ಹೊರತು ಇವೆರಡೂ ಕಾಗದದ ಮೇಲಷ್ಟೇ.

– ನೆಟ್‌ವರ್ಕ್ ನಿರ್ವಾಹಕರು, ಬೆಂಗಳೂರು